ಮುಚ್ಚಳ ತೆರೆದ ಮನೆ

ಆಯ್ಕೆ ಮಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಕಾನ್ವೆಂಟಿನಲ್ಲಿ ಮದರ್‌ಗಳು ಕಸೂತಿ ಕಲಿಸಿದರು, ಪಿಯಾನೋ ಮುಂದೆ ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದರು, ಸೂಪು ಕುಡಿಯುವಾಗ ಸದ್ದು ಮಾಡಬಾರದೆಂದು ಕಲಿಸಿದರು. ನಮ್ಮ ಮನೆಯಲ್ಲೋ, ಸಾರನ್ನು ಸದ್ದಿಲ್ಲದೆ ಕುಡಿದರೆ ಉಪ್ಪು ಕಡಿಮೆಯಾಗಿದೆ ಎಂದೇ ಅರ್ಥ. ಮದುವೆಯಾದ ಮೇಲೆ ಸೀರೆಯ ಅಂಚಿನಿಂದ ಹಿಡಿದು ಮಕ್ಕಳ ಹೆಸರಿನವರೆಗೆ ಎಲ್ಲವನ್ನೂ ಅತ್ತೆಯವರೇ ಆರಿಸಿದರು. ಹೀಗೆ ಒಂದು ಆಯ್ಕೆಯನ್ನೂ ಮಾಡದೆ ಸುಖವಾಗಿ ಮುದುಕಿಯಾದ ನನ್ನ ಮುಂದೆ ಲೇಡಿ ಡಾಕ್ಟರು ಎರಡು ದಾರಿಗಳನ್ನಿಟ್ಟು, "ಯು ಡಿಸೈಡ್, ಮೇಡಂ" ಎಂದುಬಿಟ್ಟರು. ನನ್ನ ಇಂಗ್ಲಿಷು ನನಗೇ ಮುಳುವಾಯಿತು. ನಾನು "ಐ ಸೀ, ಡಾಕ್ಟರ್" ಎನ್ನದೆ ಸುಮ್ಮನೆ ಕಣ್ಣೀರು ಹಾಕಿದ್ದರೆ ಅವರೇ ಏನಾದರೂ ತೀರ್ಮಾನಿಸುತ್ತಿದ್ದರು.

ನನ್ನ ಮಗಳು ವಿಮಲೆ ಚೊಚ್ಚಲ ಹೆರಿಗೆಗೆಂದು ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದಿದ್ದಳು. ದಿನ ತುಂಬಿತು, ದಾಟಿತು, ನೋವಿನ ಸುಳಿವಿಲ್ಲ. ಮಗು ದೊಡ್ಡದಾಗಿದೆಯಂತೆ. ಡ್ರಿಪ್ ಹಾಕಿ ನೋವು ಬರಿಸಬಹುದು; ಆದರೆ ನೋವು ಬಂದೂ ದಾರಿ ಬಿಡದಿದ್ದರೆ ಆಗ ಅವಸರದ ಆಪರೇಷನ್. ಇಲ್ಲವೇ ಈಗಲೇ ದಿನ ಗೊತ್ತುಮಾಡಿ ಸಿಸೇರಿಯನ್. ಎರಡರಲ್ಲೂ ಅಪಾಯವಿದೆ, ಗುರುವಾರದೊಳಗೆ ಹೇಳಿ ಎಂದರು. ಭದ್ರಾವತಿಯಿಂದ ಅಳಿಯಂದಿರು ಟ್ರಂಕ್‌ಕಾಲಿನಲ್ಲಿ, "ನೀವು ಹೇಗೆ ಹೇಳ್ತೀರೋ ಹಾಗೆ ಅತ್ತೆ" ಎಂದು ಕೂಗಿದರು. ಸೈನ್ಸ್ ಮೇಷ್ಟರಾಗಿ ರಿಟೈರಾದ ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ, "ಹೆಂಗಸರ ಸಬ್ಜೆಕ್ಟು ಕಣೇ" ಎಂದರು. ವಿಮಲೆ, "ನನ್ನನ್ನು ಕೇಳಿದರೆ ಎರಡೂ ಬೇಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಖಚಿತವಾದ ಅಭಿಪ್ರಾಯವಿದ್ದದ್ದು ಅಡುಗೆಯ ಪುಟ್ಟಮ್ಮನಿಗೆ ಮಾತ್ರ. "ಬಾಗ್ಲು ಬಡುದ್ರೆ ತಾನೇ ಬತ್ತದೆ ಕಣ್ರಮ್ಮ. ಗೋಡೆಗೆ ಕನ್ನ ಆಕಿ ತಗಿಯೋಕೆ ಅದೇನು ಕಳ್ಳತನದ ಮಾಲಾ?"

ನಾನು ನಗಲಿಲ್ಲ. ಹೆರಿಗೆಯೆಂದರೆ ನನಗೆ ಹಳೆಯ ಭಯ. ಈ ಮನೆ ನನ್ನ ತಂದೆ ಕಟ್ಟಿಸಿದ್ದು, ಅವರ ನಂತರ ನನಗೆ ಬಂದದ್ದು. ಇದರ ಹಿಂದಿನ ಕೋಣೆಯಲ್ಲಿ ನನ್ನ ಅಕ್ಕ ಸುಂದರಿ ಮೂರು ದಿನ ನೋವು ತಿಂದು, ಮಗುವನ್ನೂ ಕರೆದುಕೊಂಡೇ ಹೋದಳು. ಶೀತಗಾಳಿ ಬಡಿಯಬಾರದೆಂದು ಕಿಟಕಿ ಬಾಗಿಲೆಲ್ಲ ಭದ್ರವಾಗಿ ಮುಚ್ಚಿದ್ದರು. ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನಾನು ಹೊರಗೆ ನಿಂತು, ಯಾವ ದೇವರಿಗೆ ಯಾವ ಭಾಷೆ ಬರುತ್ತದೋ ಎಂದು ಎರಡು ಭಾಷೆಯಲ್ಲೂ ಪ್ರಾರ್ಥನೆ ಮಾಡಿದೆ. ಆಮೇಲೆ ಆ ಕೋಣೆಗೆ ಬೀಗ ಬಿತ್ತು. ವಿಮಲೆಗೆ ಇದು ತಿಳಿಯದು. ಅವಳ ಪಾಲಿಗೆ ದೊಡ್ಡಮ್ಮ ಜ್ವರ ಬಂದು ಹೋದವಳು.

ಹೆರಿಗೆ ತಡವಾದರೆ ಮನೆಯಲ್ಲಿ ಮುಚ್ಚಿದ್ದನ್ನೆಲ್ಲ ತೆರೆಯಬೇಕು, ಗಂಟು ಹಾಕಿದ್ದನ್ನೆಲ್ಲ ಬಿಚ್ಚಬೇಕು ಎಂದು ಹಿಂದೆ ಸೂಲಗಿತ್ತಿಯರು ಹೇಳುತ್ತಿದ್ದರು. ಶುದ್ಧ ಸೂಪರ್‌ಸ್ಟಿಷನ್. ಆದರೂ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಕಳ್ಳಹೆಜ್ಜೆಯಲ್ಲಿ ಹೋಗಿ ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿದೆ, ಟ್ರಂಕುಗಳ ಚಿಲಕ ತೆಗೆದೆ. ಮಾರನೆಯ ದಿನ ನೋಡುತ್ತೇನೆ, ನಾನು ಮುಟ್ಟದ್ದೂ ತೆರೆದಿದೆ! ಗೋಡೆ ಗಡಿಯಾರದ ಗಾಜಿನ ಬಾಗಿಲು, ಹೊಲಿಗೆ ಮಿಷನ್ನಿನ ಮುಚ್ಚಳ, ಬೇಳೆ ಡಬ್ಬಗಳು. ಮಳೆಯಿಲ್ಲದ ದಿನ ನಡುಮನೆಯಲ್ಲಿ ಕರೀ ಛತ್ರಿಯೊಂದು ಅರಳಿ ಕೂತಿದೆ. ಮನೆಯೆಲ್ಲ ಬಾಯಿ ತೆರೆದು ಏನನ್ನೋ ಹೇಳಲು ಹೊರಟು ನಿಂತ ಹಾಗಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿ ಎದ್ದರೆ ನನ್ನ ತುರುಬೇ ಬಿಚ್ಚಿಹೋಗಿತ್ತು. ನಾನು "ಹೇಲ್ ಮೇರಿ" ಶುರುಮಾಡಿ, ಅರ್ಧಕ್ಕೆ ಮರೆತು, ವಿಷ್ಣುಸಹಸ್ರನಾಮಕ್ಕೆ ಹೊರಳಿದೆ.

ಆಗ ಏನೋ ಕಿರ್ ಎಂದಿತು. ಬೀರುವಿನ ಮುಂದೆ ನಮ್ಮ ಯಜಮಾನರು ತುದಿಗಾಲಲ್ಲಿ ನಿಂತಿದ್ದರು.

"ಏನ್ರೀ ಇದು? ಛತ್ರೀನೂ ನಿಮ್ಮದೇ ಕೆಲಸವಾ? ನಿಮ್ಮ ಸೈನ್ಸು ಎಲ್ಲಿ ಹೋಯ್ತು?"

"ಸೈನ್ಸಿಗೂ ಗಾಳಿ ಬೇಕು ಕಣೇ" ಎಂದರು, ಕಿವಿ ಕೆಂಪಾಗಿ.

ಅಡುಗೆಮನೆಯಿಂದ ಪುಟ್ಟಮ್ಮ ಮುಖ ಹಾಕಿದಳು. "ಡಬ್ಬ ನಾನೇ ತೆಗ್ದ್‌ಬುಟ್ಟೆ ಕಣ್ರಮ್ಮ. ನಿಮ್ಮ ತುರುಬ್ನೂ ನಾನೇ ಬಿಚ್ಚಿದ್ದು. ಇಂಗ್ಲೀಸ್ ಓದಿರೋರು, ಬೈತೀರಿ ಅಂತ ಯೋಳ್ನಿಲ್ಲ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಯಜಮಾನರು ಮೆಲ್ಲಗೆ, "ಅಂದ ಹಾಗೆ, ಹಿಂದಿನ ಕೋಣೆ ತೆಗೆದೆಯಲ್ಲ, ಒಳ್ಳೇದೇ ಆಯ್ತು ಬಿಡು" ಎಂದರು.

ನಾನು ತೆಗೆದಿರಲಿಲ್ಲ. ಪುಟ್ಟಮ್ಮ ತಲೆಯಾಡಿಸಿದಳು, ಅವಳೂ ಅಲ್ಲ. ಕೀಲಿಕೈ ನನ್ನ ಸೊಂಟದ ಗೊಂಚಲಿನಲ್ಲೇ ಇತ್ತು. ಹೋಗಿ ನೋಡಿದರೆ ಬೀಗ ಕೊಂಡಿಯಲ್ಲಿ ಬಾಯಿಬಿಟ್ಟು ತೂಗುತ್ತಿತ್ತು. ಒಳಗೆ ಚಾಪೆಯ ಮೇಲೆ ವಿಮಲೆ ಆಗತಾನೇ ಎದ್ದು ಕೂತಿದ್ದಳು.

"ಇಷ್ಟು ತಂಪಾದ ರೂಮಿಗೆ ಯಾಕಮ್ಮ ಬೀಗ ಹಾಕಿಟ್ಟಿದ್ದೆ? ನೀನು ಚಾಪೆ ಹಾಸಿಟ್ಟಿದ್ದು ನೋಡಿ ಬಂದು ಮಲಗಿದೆ. ಎಂಥದೋ ಕನಸು. ಯಾರೋ ಕಿವಿ ಹತ್ತಿರ, 'ಕಿಟಕಿ ತೆಗೀರೇ, ಉಸಿರು ಕಟ್ತಿದೆ, ಕಾಯಿಸಬೇಡಿ' ಅಂತ ಹೇಳ್ತಾನೇ ಇದ್ದರು." ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನೋವಿಗೆ ಕಾಯೋದು ಬೇಡಮ್ಮ. ಆಪರೇಷನ್ನೇ ಆಗ್ಲಿ" ಎಂದಳು.

ಅಂದು ಮುಚ್ಚಿದ ಬಾಗಿಲಿನಾಚೆಯಿಂದ ನನ್ನ ಅಕ್ಕ ಕೂಗಿಕೊಂಡ ಮಾತು ಅದು, ಅಕ್ಷರಕ್ಕೆ ಅಕ್ಷರ. ಅದನ್ನು ನಾನು ಗಂಡನಿಗೂ ಹೇಳಿದವಳಲ್ಲ. ನೇರವಾಗಿ ಹೋಗಿ ಆ ಕೋಣೆಯ ಕಿಟಕಿಯನ್ನು ತೆಗೆದೆ.

ಗುರುವಾರದವರೆಗೆ ಕಾಯಲಿಲ್ಲ. "ಸಿಸೇರಿಯನ್" ಎಂದೆ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, "ಮೇ ಐ ಆಸ್ಕ್ ವೈ?" ಎಂದರು. ಏನು ಹೇಳಲಿ? ಬೆನ್ನು ನೆಟ್ಟಗೆ ಮಾಡಿ, "ಆಫ್ಟರ್ ಮೆಚ್ಯೂರ್ ಕನ್ಸಿಡರೇಷನ್, ಡಾಕ್ಟರ್" ಎಂದೆ. ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಾಗಿ, ಕೆಂಡದಂಥ ಕೋಪದ್ದು. ತಾಯಿ ಮಗಳು ಇಬ್ಬರೂ ಕ್ಷೇಮ. ಡ್ರಿಪ್ಪಿನಲ್ಲೇ ಆಗುತ್ತಿತ್ತೇ ಎಂದು ಆಮೇಲೆ ಕೇಳಿದೆ. "ಆಗ್ತಿತ್ತೋ ಏನೋ, ಆಗದೇನೂ ಇರಬಹುದಿತ್ತು. ಯಾರು ಹೇಳೋಕಾಗತ್ತೆ ಮೇಡಂ" ಎಂದರು. ಪ್ರಾಮಾಣಿಕರು.

ತೊಂದರೆಯಾದದ್ದು ಅದರ ನಂತರ. ಇಷ್ಟು ಸೈಂಟಿಫಿಕ್ ಆಗಿ ಯೋಚಿಸುವ ಅಜ್ಜಿಯನ್ನು ಮೈಸೂರಿನಲ್ಲಿ ತಾವು ಕಂಡೇ ಇಲ್ಲವೆಂದು ಡಾಕ್ಟರು ಕಂಡವರಿಗೆಲ್ಲ ಹೇಳಿದರು. ಈಗ ದಿನ ದಾಟಿದ ಬಸುರಿಯರು ಜಟಕಾದಲ್ಲಿ ನಮ್ಮ ಮನೆಗೇ ಬಂದು, "ನೀವು ತಿಳಿದೋರು, ಯಾವುದು ಮಾಡಿಸಲಿ ಹೇಳಿ" ಎನ್ನುತ್ತಾರೆ. ನಾನು ಗಂಭೀರವಾಗಿ ತಲೆದೂಗಿ, ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿ, ಕಾಫಿ ಕೊಟ್ಟು, "ಬಿಸಿಲಲ್ಲಿ ಬಂದಿದೀಯಮ್ಮ, ಸ್ವಲ್ಪ ಹೊತ್ತು ಹಿಂದಿನ ಕೋಣೇಲಿ ಮಲಗು, ತಂಪಾಗಿದೆ" ಎನ್ನುತ್ತೇನೆ. ಎದ್ದು ಬಂದ ಮೇಲೆ, ಏನೂ ತಿಳಿಯದವಳ ಹಾಗೆ, "ಕನಸು ಗಿನಸು ಏನಾದ್ರೂ ಬಿತ್ತಾ?" ಎಂದು ಕೇಳುತ್ತೇನೆ.