ಹಳೆ ಕಾಲರು, ಹೊಸ ಸಫಾರಿ

ದರ್ಜಿ ಅಂಗಡಿಯಲ್ಲಿ ಒಂದಾದರೂ ತಮಾಷೆ ನಡೆಯದೆ ಬಾಗಿಲು ಹಾಕಿದ ದಿನ ನನಗೆ ನೆನಪಿಲ್ಲ. ಜನ ಹೊರಗೆ ಎಷ್ಟೇ ದೊಡ್ಡಸ್ತಿಕೆ ತೋರಿಸಲಿ, ನಮ್ಮ ಹತ್ತಿರ ಬಂದಾಗ ಅಂಗಿಯ ಒಳಮೈ ತೋರಿಸಲೇಬೇಕು.

ಎಪ್ಪತ್ತರ ದಶಕದ ಕೊನೆ, ಎಂಬತ್ತರ ಮೊದಲ ವರ್ಷಗಳ ಮಾತು ಇದು. ಮಂಗಳೂರಿನ ಫಳ್ನೀರಿನ ಒಂದು ಸಣ್ಣ ಅಂಗಡಿಯಲ್ಲಿ ನಾನು ಹೊಲಿಯುತ್ತಿದ್ದೆ. ಧಣಿಗಳು ಕುದ್ರೋಳಿಯ ಬ್ಯಾರಿ ಮನೆತನದವರು. ಕತ್ತರಿ ಅವರದು, ಹೊಲಿಗೆ ನನ್ನದು. ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾರಾದರೂ ಹೊಸ ಅಂಗಿ ಹೊಲಿಸಲು ಬಂದರೆ, ಅವರ ಮೈಮೇಲಿನ ಹಳೆ ಅಂಗಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದಕ್ಕೆ ಎಂತ ಆಗಿದೆ ಮಾರಾಯ್ರೆ? ಇನ್ನೂ ಎರಡು ವರ್ಷ ಉಂಟು," ಎಂದು ವಾಪಸು ಕಳಿಸುತ್ತಿದ್ದರು. ಬಂದ ಗಿರಾಕಿಗೆ ಬುದ್ಧಿ ಹೇಳಿ ಓಡಿಸುವ ಅಂಗಡಿ ಇಡೀ ಮಂಗಳೂರಿನಲ್ಲಿ ಅದೊಂದೇ ಇರಬೇಕು.

ನನ್ನ ಚಿಂತೆ ಬೇರೆಯೇ ಇತ್ತು. ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಹೆಣ್ಣಿನ ಕಡೆಯವರಿಗೆ ಬ್ಯಾಂಕಿನವನು ಬೇಕು, ಇಲ್ಲವೇ ಗಲ್ಫಿನವನು ಬೇಕು. ಹುಡುಗ ಟೈಲರ್ ಎಂದ ಕೂಡಲೇ ಒಳಗಿನಿಂದ ಬರಬೇಕಾದ ಕಾಫಿ ಒಳಗೇ ಉಳಿಯುತ್ತಿತ್ತು. ಮೂರು ಮನೆಯವರು ಬೇಡ ಎಂದಾಗಿತ್ತು. ನಾಲ್ಕನೆಯದೂ ತಪ್ಪಿದರೆ ಇನ್ನು ಯಾರ ಮನೆಗೂ ಕೇಳಲು ಹೋಗುವುದಿಲ್ಲ ಎಂದು ನನ್ನ ತಾಯಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

೧. ಕಂಪೌಂಡರಿನ ಕುತ್ತಿಗೆ

ಆಗ ಕಾಲರು ತಿರುಗಿಸುವುದು ಎಂಬ ಕೆಲಸವೊಂದಿತ್ತು. ಕುತ್ತಿಗೆ ತಾಗಿ ತಾಗಿ ಕಾಲರಿನ ಮಡಿಕೆ ಸವೆದರೆ, ಹೊಲಿಗೆ ಬಿಚ್ಚಿ, ಕಾಲರನ್ನು ಮಗುಚಿ, ಒಳಮೈ ಹೊರಗೆ ಬರುವಂತೆ ಪುನಃ ಕೂರಿಸುವುದು. ಅಂಗಿ ಮತ್ತೆ ಹೊಸತಾಗುತ್ತಿತ್ತು. ಮಾಡಿಸುವವರು ಬೇಕಾದಷ್ಟು ಮಂದಿ, ಒಪ್ಪಿಕೊಳ್ಳುವವರು ಒಬ್ಬರೂ ಇಲ್ಲ.

ಅತ್ತಾವರದ ಡಾಕ್ಟರರೊಬ್ಬರು ಒಂದು ದಿನ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಹಿಡಿದು ಬಂದರು. ಒಳ್ಳೆಯ ಪ್ರಾಕ್ಟೀಸು ಇದ್ದವರು, ದಪ್ಪ ಆಸಾಮಿ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಪೊಟ್ಟಣ ಬಿಚ್ಚಿದರು. ಒಳಗೆ ಕಾಲರು ಹರಿದ ಬಿಳಿ ಅಂಗಿ.

"ಇದು ನನ್ನದಲ್ಲ. ನಮ್ಮ ಕಂಪೌಂಡರಿನದ್ದು. ಪಾಪ, ಕಷ್ಟದಲ್ಲಿದ್ದಾನೆ. ಕಾಲರು ತಿರುಗಿಸ್ಬೇಕಂತೆ," ಎಂದರು.

ಆ ಕಂಪೌಂಡರೂ ನಮ್ಮ ಗಿರಾಕಿಯೇ. ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕು, ಅಷ್ಟು ಸಪೂರ ಮನುಷ್ಯ. ಧಣಿಗಳು ಕಾಲರಿಗೆ ಟೇಪು ಹಿಡಿದರು. ಅಳತೆ ಪುಸ್ತಕ ತೆಗೆದು ಕಂಪೌಂಡರಿನ ಪುಟ ಹುಡುಕಿದರು. ಮುಖದಲ್ಲಿ ಗಾಬರಿ ತಂದುಕೊಂಡರು.

"ಡಾಕ್ಟ್ರೇ, ನಿಮ್ಮ ಕಂಪೌಂಡರನ್ನು ಕೂಡ್ಲೇ ಪರೀಕ್ಷೆ ಮಾಡಿ."

"ಯಾಕೆ? ಎಂತ ಆಯ್ತು?"

"ಹೋದ ತಿಂಗಳು ಅವರ ಕುತ್ತಿಗೆ ಹದಿಮೂರೂವರೆ ಇಂಚು ಇತ್ತು. ಈಗ ಹದಿನಾರೂವರೆ ಆಗಿದೆ. ಒಂದು ತಿಂಗಳಲ್ಲಿ ಇಷ್ಟು ಬಾತರೆ ಮನುಷ್ಯ ಉಳೀತಾನಾ ಮಾರಾಯ್ರೆ?"

೨. ಮುಗಿಯದ ಬಟ್ಟೆ

ಕುದ್ರೋಳಿಯಲ್ಲಿ ಧಣಿಗಳ ನೆಂಟರ ಮನೆಯೊಂದಿತ್ತು. ಗಲ್ಫಿಗೆ ಹೋಗಿದ್ದ ಆ ಮನೆಯ ಹಿರಿಯ ಮಗ, ಊರಿಗೆ ಬರುವವರೊಬ್ಬರ ಕೈಯಲ್ಲಿ ಮೊದಲ ಸಲ ಒಂದು ಇಡೀ ಥಾನು ಬಟ್ಟೆ ಕಳಿಸಿದ. ಅಂಗೈಯಗಲದ ಹೂವುಗಳ ಬಟ್ಟೆ. ಹರಿಯುವ ಜಾತಿಯದ್ದೇ ಅಲ್ಲ.

ಅವನ ತಾಯಿ ಒಂದು ನೂಲೂ ದಂಡವಾಗಲು ಬಿಡುವವರಲ್ಲ. ಊರಲ್ಲಿದ್ದ ಮೂವರು ಗಂಡುಮಕ್ಕಳಿಗೆ ಅಂಗಿ, ಹುಡುಗಿಯರಿಗೆ ಫ್ರಾಕು, ತಮಗೆ ಕುಪ್ಪಸ, ದಿಂಬಿಗೆ ಕವರು, ಕುರ್ಚಿಗೆ ಕವರು, ಕೊನೆಗೆ ಕಿಟಕಿಗೆ ಪರದೆ. ಒಂದು ವಾರ ನಾನು ಹೂವು ಬಿಟ್ಟು ಬೇರೇನನ್ನೂ ನೋಡಲಿಲ್ಲ. "ನಿನ್ನ ಮದುವೆ ಅಂಗಿಗೂ ಇದರಲ್ಲೇ ತುಂಡು ಇಡ್ತೇನೆ," ಎಂದು ಅವರು ಪ್ರೀತಿಯಿಂದ ಹೇಳಿದಾಗ, ಮದುವೆ ತಡವಾದದ್ದರಲ್ಲೂ ಒಂದು ಲಾಭ ಉಂಟು ಅನ್ನಿಸಿತು.

ಹಬ್ಬದ ದಿನ ಎಲ್ಲರೂ ಅದನ್ನೇ ತೊಟ್ಟು, ಅದೇ ಪರದೆಯ ಮುಂದೆ, ಅದೇ ಕವರಿನ ಕುರ್ಚಿಗಳಲ್ಲಿ ಕೂತು ಫೋಟೋ ತೆಗೆಸಿದರು. ಕಪ್ಪು ಬಿಳುಪು ಫೋಟೋ. ಅದು ಗಲ್ಫಿಗೆ ಹೋಯಿತು. ತಿಂಗಳ ಮೇಲೆ ಮಗನ ಕಾಗದ ಬಂತು. ತಾಯಿ ಅದನ್ನು ಅಂಗಡಿಗೆ ತಂದು ಧಣಿಗಳಿಂದ ಓದಿಸಿದರು.

"ಫೋಟೋ ಸಿಕ್ಕಿತು. ಎಂಟು ತಲೆ ಎಣಿಸಿದೆ. ಎಲ್ಲವೂ ಹೂವಿನ ನಡುವೆ ತೇಲುತ್ತಿವೆ. ಉಳಿದ ಶರೀರ ಎಲ್ಲಿ? ಎಲ್ಲರೂ ಕ್ಷೇಮವೇ?"

ತಾಯಿ ಸ್ವಲ್ಪವೂ ವಿಚಲಿತರಾಗಲಿಲ್ಲ. "ಶರೀರ ಎಲ್ಲ ಚೆನ್ನಾಗಿ ಉಂಟು ಅಂತ ಬರೀರಿ," ಎಂದರು. "ಬಟ್ಟೆ ಇನ್ನೂ ನಾಲ್ಕು ಗಜ ಉಳಿದಿದೆ, ಅವನು ಬಂದ ಮೇಲೆ ಅವನಿಗೂ ಹೊಲಿಸ್ತೇನೆ ಅಂತಲೂ ಬರೀರಿ."

ಆ ಮಗ ಮತ್ತೆ ಎರಡು ವರ್ಷ ಊರಿಗೆ ಬರಲಿಲ್ಲ.

೩. ಕಾಜಾ ಕಲಿತವನು

ಹಿಂದೆ ಗದ್ದೆ ತೋಟವಿದ್ದು ಈಗ ಹೋಟೆಲು ನಡೆಸುವ ಶೆಟ್ರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಇಪ್ಪತ್ತೆರಡರ ಯುವಕ, ಡಿಗ್ರಿ ಮುಗಿಸಿ ಮನೆಯಲ್ಲಿದ್ದ.

"ಇವನಿಗೆ ದುಡಿಮೆ ಅಂದ್ರೆ ಎಂತ ಅಂತ ಗೊತ್ತಿಲ್ಲ," ಎಂದರು ಶೆಟ್ರು. "ನನ್ನ ಹೋಟೆಲಲ್ಲಿ ಇಟ್ಟರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಿಡ್ತಾನೆ. ನಿಮ್ಮಲ್ಲಿ ಒಂದು ತಿಂಗಳು ಕೆಲಸ ಕೊಡಿ."

ಧಣಿಗಳು ಗುಂಡಿಯ ತೂತಿಗೆ ನೂಲು ಸುತ್ತುವ ಕಾಜಾ ಕೆಲಸ ಕೊಟ್ಟರು. ಬೆರಳು ನೋಯುವ, ಕಣ್ಣು ಉರಿಯುವ ಕೆಲಸ. ಮೊದಲ ದಿನ ಯುವಕ ಸೂಜಿ ಚುಚ್ಚಿಕೊಂಡ. ಎರಡನೆಯ ದಿನ ಅವನನ್ನು ಕಾರಿನಲ್ಲಿ ಬಿಡಲು ಬಂದ ಡ್ರೈವರ್ ಅವನ ಜಾಗದಲ್ಲಿ ಕೂತು ಕಾಜಾ ಹಾಕುತ್ತಿದ್ದ. ಯುವಕ ಪಕ್ಕದಲ್ಲಿ ಸಿನಿಮಾ ಪತ್ರಿಕೆ ಓದುತ್ತಿದ್ದ. "ಅಪ್ಪನಿಗೆ ಹೇಳ್ಬೇಡಿ," ಎಂದು ನನ್ನ ಕಿವಿಯಲ್ಲಿ ಹೇಳಿದ.

ಧಣಿಗಳು ಬೈಯಲಿಲ್ಲ. "ಡ್ರೈವರ್ ಕೆಲಸದಲ್ಲಿದ್ದಾನಲ್ಲ, ನೀವು ಸ್ವಲ್ಪ ಕಾರಲ್ಲಿ ಹೋಗಿ ಗುಂಡಿ ತನ್ನಿ," ಎಂದರು. ಮರುದಿನ ನೂಲು. ಅದರ ಮರುದಿನ ಇಸ್ತ್ರಿ ಮಾಡಿದ ಬಟ್ಟೆಗಳನ್ನು ಐದು ಮನೆಗೆ ಮುಟ್ಟಿಸುವುದು. ಯುವಕನಿಗೆ ಕಾರು ಅರ್ಧಂಬರ್ಧ ಬರುತ್ತಿತ್ತು. ಫಳ್ನೀರಿನ ಏರು, ಅತ್ತಾವರದ ಓಣಿ, ತಡವಾದರೆ ಧಣಿಗಳ ಸಿಡುಕು ಮುಖ, ಎಲ್ಲವೂ ಅವನ ಬೆವರಿಳಿಸಿದವು. ತಿಂಗಳ ಕೊನೆಗೆ ಅವನು ಊಟಕ್ಕೂ ಕೂರದೆ ಓಡಾಡುತ್ತಿದ್ದ.

ಶೆಟ್ರು ಬಂದು ಕೇಳಿದರು, "ಹೇಗೆ? ಕಲಿತನಾ?"

"ಇಬ್ಬರೂ ಕಲಿತರು," ಎಂದರು ಧಣಿಗಳು. "ನಿಮ್ಮ ಡ್ರೈವರಿಗೆ ಈಗ ಕಾಜಾ ಬರ್ತದೆ. ನಿಮ್ಮ ಮಗನಿಗೆ ಡ್ರೈವರ್ ಕೆಲಸ ಬರ್ತದೆ. ಯಾರನ್ನು ಕರ್ಕೊಂಡು ಹೋಗ್ತೀರಿ, ನೀವೇ ಹೇಳಿ."

೪. ನಾಲ್ಕನೆಯ ಮನೆ

ಇನ್ನು ನನ್ನ ಕಥೆ. ಮೇಲಿನ ಮೂರರಲ್ಲಿ ನಗುವುದು ಸುಲಭವಾಗಿತ್ತು, ಇದರಲ್ಲಿ ನಗಲು ನನಗೆ ಕೆಲವು ವರ್ಷ ಬೇಕಾಯಿತು.

ನಾಲ್ಕನೆಯ ಸಂಬಂಧ ಬಂತು. ಹುಡುಗಿಯ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಒಡೆದ ಹೆಂಚನ್ನು ಬೆರಳಿನಿಂದ ಬಡಿದು ಸದ್ದಿನಲ್ಲೇ ಹಿಡಿಯುವ ಮನುಷ್ಯ. ಭಾನುವಾರ ಹೆಣ್ಣು ನೋಡಲು ಹೋಗುವುದೆಂದಾಯಿತು. ಮದುವೆ ದಲ್ಲಾಳಿ ಎಚ್ಚರಿಸಿದ, "ಈ ಸಲವಾದರೂ ಒಳ್ಳೆ ಡ್ರೆಸ್ಸಿನಲ್ಲಿ ಬಾ ಮಾರಾಯ. ಟೈಲರನ ಮೈಮೇಲೇ ಬಟ್ಟೆ ಇಲ್ಲದಿದ್ದರೆ ಯಾರು ಹೆಣ್ಣು ಕೊಡ್ತಾರೆ?"

ನನ್ನಲ್ಲಿದ್ದದ್ದು ಎರಡು ಅಂಗಿ. ಅಂಗಡಿಯ ಹ್ಯಾಂಗರಿನಲ್ಲಿ ಶನಿವಾರ ಹೊಲಿದು ಮುಗಿಸಿದ ಕಾಫಿ ಬಣ್ಣದ ಸಫಾರಿ ಕೋಟು ತೂಗುತ್ತಿತ್ತು. ಗಿರಾಕಿ ನನ್ನದೇ ಮೈಕಟ್ಟಿನವರು. ಗಿರಾಕಿಯ ಬಟ್ಟೆ ತೊಡುವುದು ನಮ್ಮ ಕಸುಬಿನಲ್ಲಿ ದೊಡ್ಡ ತಪ್ಪು. ಒಮ್ಮೆಯೂ ತೊಡದ ಟೈಲರನನ್ನು ನಾನು ಕಂಡಿಲ್ಲ. ಕಾಗದದಲ್ಲಿ ಸುತ್ತಿ ಮನೆಗೆ ಒಯ್ದೆ.

ಭಾನುವಾರ ಬನಿಯನಿನ ಮೇಲೆ ಸಫಾರಿ ತೊಟ್ಟು, ಕನ್ನಡಿಯಲ್ಲಿ ಮುಂದಿನಿಂದ ನೋಡಿಕೊಂಡು, ಅಮ್ಮ ಮತ್ತು ದಲ್ಲಾಳಿಯ ಜೊತೆ ಹೊರಟೆ. ಅವರ ಮನೆಯ ಜಗಲಿಯಲ್ಲಿ ಬಗ್ಗಿ ಚಪ್ಪಲಿ ಕಳಚಿದೆ. ಮೇಸ್ತ್ರಿ ನನ್ನ ಹಿಂದೆ ನಿಂತಿದ್ದರು. ಒಳಗೆ ಕೂತ ಮೇಲೆ ಅವರೇ ಮೊದಲು ಕೇಳಿದರು.

"ಸಫಾರಿ ಹೊಸದಾ?"

"ಹೌದು."

"ನಿಮ್ಮದಾ?"

"ನನ್ನದೇ."

"ಮತ್ತೆ ಹಿಂದೆ ಚೀಟಿಯಲ್ಲಿ ಬೇರೆ ಯಾರದೋ ಹೆಸರು ಉಂಟಲ್ಲ? ಸೋಮವಾರ ಡೆಲಿವರಿ ಅಂತಲೂ ಉಂಟು."

ಕೈ ಹಿಂದಕ್ಕೆ ಹೋಯಿತು. ಸೊಂಟದ ಕೆಳಗೆ, ಅಂಚಿನ ಒಳಮೈಗೆ ನಾನೇ ಕೈಯಾರೆ ಪಿನ್ನು ಚುಚ್ಚಿದ ಅಂಗಡಿಯ ಚೀಟಿ, ಬಗ್ಗಿದಾಗ ಹೊರಗೆ ಬಂದಿತ್ತು. ಹೊಲಿದು ಮುಗಿದ ಪ್ರತಿಯೊಂದಕ್ಕೂ ಚುಚ್ಚುವುದು, ಗಿರಾಕಿ ಬಂದಾಗಲೇ ತೆಗೆಯುವುದು ನಮ್ಮ ಪದ್ಧತಿ. ನಾಚಿಕೆಯಿಂದ ಸತ್ತೇಹೋದೆ. ದಲ್ಲಾಳಿ ಛಾವಣಿ ನೋಡತೊಡಗಿದ. ಅಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಇದೂ ಹೋಯಿತು, ಇನ್ನು ಜೀವಮಾನವಿಡೀ ಒಬ್ಬನೇ ಎಂದುಕೊಂಡೆ.

"ಗಿರಾಕಿಯದ್ದು," ಎಂದೆ. "ಇಷ್ಟು ಒಳ್ಳೆಯದು ನನ್ನ ಹತ್ತಿರ ಇಲ್ಲ."

"ಹೊಲಿದದ್ದು ಯಾರು?"

"ನಾನೇ."

"ತೆಗೀರಿ."

"ಇಲ್ಲಿಯಾ?"

"ಇಲ್ಲೇ. ನೋಡುವ."

ಬಿಚ್ಚಿ ಕೊಟ್ಟೆ. ಮೇಸ್ತ್ರಿ ಸಫಾರಿಯನ್ನು ಒಳಹೊರಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆಯನ್ನು ಎಳೆದೆಳೆದು ನೋಡಿದರು. ಅಭ್ಯಾಸಬಲದಿಂದ ಒಂದು ಗುಂಡಿಯನ್ನು ಬೆರಳಿನಿಂದ ಬಡಿದೂ ನೋಡಿದರು. ನಾನು ಬನಿಯನಿನಲ್ಲಿ ಕೂತಿದ್ದೆ. ಆ ಬನಿಯನ್ ಐದು ವರ್ಷದ ಹಳೆಯದು, ನಾಲ್ಕು ಕಡೆ ನಾನೇ ಸಣ್ಣ ಸೂಜಿಯಲ್ಲಿ ನೂಲು ನೇಯ್ದು ತೂತು ಮುಚ್ಚಿದ್ದು. ಸರಿಯಾಗಿ ಅದೇ ಹೊತ್ತಿಗೆ ಹುಡುಗಿ ಕಾಫಿ ತಂದಳು. ಬಾಗಿಲಲ್ಲೇ ನಿಂತಳು. ಎರಡು ಕೈಯಲ್ಲಿ ನಾಲ್ಕು ಕಡೆ ಮುಚ್ಚಲು ಆಗುವುದಿಲ್ಲ. ಅವಳು ನಾಲ್ಕನ್ನೂ ಒಂದೊಂದಾಗಿ ನೋಡಿ, ಲೋಟ ಇಟ್ಟು ಒಳಗೆ ಹೋದಳು.

ಹಿಂದೆಯೇ ಮೇಸ್ತ್ರಿ ಹೋದರು. ನಡುವೆ ತೆಳ್ಳಗಿನ ಪರದೆ ಮಾತ್ರ, ಎಲ್ಲವೂ ಕೇಳುತ್ತಿತ್ತು.

"ಹೊಲಿಗೆ ಗಟ್ಟಿ ಉಂಟು," ಎಂದರು ಅವರು. "ಆದರೆ ಸಫಾರಿ ಅವರದ್ದಲ್ಲವಂತೆ. ನೀನು ಎಂತ ಹೇಳ್ತಿ?"

"ಸಫಾರಿ ಹಾಕ್ಕೊಂಡು ಬಂದವರು ನಂಗೆ ಬೇಡ ಅಪ್ಪ."

ನಾನು ಎದ್ದು ನಿಂತೆ. ಅಮ್ಮನೂ ಎದ್ದರು. ಆಗ ಒಳಗಿನಿಂದ ಅವಳ ಮಾತು ಮುಂದುವರಿಯಿತು.

"ಈಗ ಬನಿಯನಿನಲ್ಲಿ ಕೂತಿದ್ದಾರಲ್ಲ, ಅವರಾದರೆ ಆಗ್ತದೆ."