ಪ್ಲಿಮತ್ತಿನ ಊಟ, ಡೆಟ್ರಾಯಿಟಿನ ಗುಂಡು

ಎಲ್ಲ ಅನರ್ಥಕ್ಕೂ ಮೂಲ ಒಂದು ಲೋಟ ಕಾಫಿಯ ಆಸೆ. ಶಿಕಾಗೋದಿಂದ ಬೆಳಗಿನ ಜಾವವೇ ಹೊರಟು ಹಿಮದಲ್ಲಿ ಕಾರು ಓಡಿಸಿದ್ದ ಡಾಕ್ಟರ್ ಚಂದ್ರಮೌಳಿಗೆ ಪ್ಲಿಮತ್ ಎಕ್ಸಿಟ್ಟಿನ ಬೋರ್ಡು ಕಂಡದ್ದೇ ಅಲ್ಲಿ ನೆಲೆಸಿದ್ದ ಮೈಸೂರಿನ ಇಂದುಮತಿ ಆಂಟಿಯ ಕಾಫಿ ಫಿಲ್ಟರ್ ನೆನಪಾಯಿತು. ಪಕ್ಕದಲ್ಲಿ, ತನ್ನ ಸೀಟನ್ನೂ ಚಂದ್ರಮೌಳಿಯ ಅರ್ಧ ಸೀಟನ್ನೂ ಆವರಿಸಿಕೊಂಡು ಪೋಲೆಂಡಿನ ಗುಂಡೆಸೆತದ ಚಾಂಪಿಯನ್ ಬೊಗ್ದಾನ್ ಗೊರಕೆ ಹೊಡೆಯುತ್ತಿದ್ದ.

ಗಣಿಯೂರಿನಲ್ಲಿ ಹುಟ್ಟಿ ಕಲ್ಲಿದ್ದಲು ಎಸೆದೇ ತೋಳು ಬೆಳೆಸಿದ ಬೊಗ್ದಾನ್ ಒಂದು ಕಾಲಕ್ಕೆ ಯುರೋಪಿಗೇ ಮೊದಲಿಗ. ಬೆನ್ನು ಕೈಕೊಟ್ಟ ಮೇಲೆ ಮೂರು ವರ್ಷದಿಂದ ಅವನ ಗುಂಡು ಇಪ್ಪತ್ತು ಮೀಟರ್ ದಾಟಿರಲಿಲ್ಲ. ಆ ಸಂಜೆ ಡೆಟ್ರಾಯಿಟಿನ ಒಳಾಂಗಣ ಕ್ರೀಡಾಕೂಟದಲ್ಲೂ ದಾಟದಿದ್ದರೆ ಅವನ ಕತೆ ಮುಗಿದಂತೆ. ಚಂದ್ರಮೌಳಿಯದೂ ಅಷ್ಟೆ. ಬೊಗ್ದಾನನ ಬೆನ್ನಿಗೆ ಔಷಧ ಮಾಡುತ್ತಿದ್ದ ಮುಖ್ಯ ಸರ್ಜನ್ ತಾವು ವಿಮಾನ ಹತ್ತುವಾಗ, ವಿಮಾನದ ಸೀಟಿನಲ್ಲಿ ಹಿಡಿಸದ ಈ ರೋಗಿಯನ್ನು ಅವನಿಗೆ ಒಪ್ಪಿಸಿ, ಸುಸ್ಥಿತಿಯಲ್ಲಿ ತಲುಪಿಸಿದರೆ ಆಸ್ಪತ್ರೆಯ ಮೂಳೆ ವಿಭಾಗದ ತರಬೇತಿ ಸೀಟು ನಿನ್ನದೇ ಎಂದಿದ್ದರು. ಸೀಟು ಇಲ್ಲವೆಂದರೆ ವೀಸಾ ಇಲ್ಲ.

ಐದೇ ನಿಮಿಷ ಆಂಟೀ, ಬರೀ ಕಾಫಿ, ಎಂದ ಚಂದ್ರಮೌಳಿ.

"ಊಟದ ಹೊತ್ತಲ್ಲಿ ಬರೀ ಕಾಫಿ ಕುಡಿಸಿ ಕಳಿಸೋಕೆ ನಮ್ಮನೇಲಿ ಯಾರಾದ್ರೂ ಸತ್ತಿದಾರಾ?" ಎಂದರು ಇಂದುಮತಿ, ತಟ್ಟೆ ಇಡುತ್ತ.

ಹತ್ತಿರದ ವಿಕ್ಸಮ್ ಊರಿನ ಕಾರು ಕಾರ್ಖಾನೆಯ ಇಂಜಿನಿಯರ್, ಪಕ್ಕದ ಮನೆಯ ಗದಗಿನ ಕಲ್ಲಿನಾಥನೂ ಚಾಂಪಿಯನ್ನನ್ನು ನೋಡಲು ಬಂದು ಕುರ್ಚಿ ಎಳೆದುಕೊಂಡ. ಬಿಸಿಬೇಳೆಬಾತು ಬಂತು. ಬೊಗ್ದಾನ್ ತಟ್ಟೆ ಬರಿದು ಮಾಡಿದ. ಬರಿದಾದ ತಟ್ಟೆ ಕಂಡು ಇಂದುಮತಿ ಮತ್ತೆ ಬಡಿಸಿದರು. ಬಡಿಸಿದ್ದನ್ನು ಕಂಡು ಅವನು ಮತ್ತೆ ಬರಿದು ಮಾಡಿದ. ಮೈಸೂರಿನ ಯಾವ ಅತಿಥಿಯಾದರೂ ಇಷ್ಟರಲ್ಲಿ ತಟ್ಟೆಗೆ ಅಡ್ಡ ಕೈ ಹಿಡಿದು, ಬೇಡ ಬೇಡವೆಂದು ಗೋಗರೆದು, ಕೊನೆಗೆ ಒಂದಿಷ್ಟು ಉಳಿಸಿ ಏಳುತ್ತಿದ್ದ. ಬೊಗ್ದಾನನಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಒಂದು ತುತ್ತು ಬಿಡು ಎಂದು ಚಂದ್ರಮೌಳಿ ಇಂಗ್ಲಿಷಿನಲ್ಲಿ ಬೇಡಿಕೊಂಡ.

"ಮಹಾಯುದ್ಧದ ಕಾಲದಲ್ಲಿ ನನ್ನ ತಾಯಿ ಆಲೂಗಡ್ಡೆ ಸಿಪ್ಪೆ ಬೇಯಿಸಿ ಹಾಕಿದಳು, ಡಾಕ್ಟರ್," ಎಂದ ಬೊಗ್ದಾನ್. ಅವನ ಹಣೆಯ ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. "ತಟ್ಟೆಯಲ್ಲಿ ಅನ್ನ ಬಿಟ್ಟು ನಾನು ಎಂದೂ ಎದ್ದಿಲ್ಲ."

ಇನ್ನು ಸಾಕು ಆಂಟೀ ಎಂದು ಚಂದ್ರಮೌಳಿ ಅತ್ತ ತಿರುಗಿದ.

"ಖಾಲಿ ತಟ್ಟೆ ಮುಂದಿಟ್ಕೊಂಡು ಕೂತೋರಿಗೆ ಬಡಿಸದೆ ಹೇಗಪ್ಪಾ ಸುಮ್ನಿರ್ಲಿ? ಪಾಪ, ಬಾಯಿಬಿಟ್ಟು ಕೇಳೋಕೂ ಸಂಕೋಚ ಅವರಿಗೆ."

"ನೀವು ಬಡಸ್ರಿ ಅಕ್ಕಾರ," ಎಂದ ಕಲ್ಲಿನಾಥ, ಶಾಲೆಗೆ ಬೆಂಕಿ ಬಿದ್ದದ್ದನ್ನು ನೋಡುವ ಹುಡುಗನ ಸಂತೋಷದಲ್ಲಿ. "ಗುಂಡು ಒಗಿಯೋ ಮನಿಶಾ, ಎರಡ ತುತ್ತಿಗೆ ಏನಾಗ್ತದ?"

ಕೊನೆಗೆ ಪಾತ್ರೆಯೇ ಸೋತಿತು. ಇಂದುಮತಿ ಮತ್ತೆ ಅಕ್ಕಿ ತೊಳೆಯಲು ಎದ್ದಾಗ ಚಂದ್ರಮೌಳಿ ಚಾಂಪಿಯನ್ನನ್ನು ಬೀರುವಿನಂತೆ ನೂಕಿಕೊಂಡು ಹೋಗಿ ಕಾರಿನಲ್ಲಿ ತುಂಬಿದ. ಕಾಫಿ ಕುಡಿಯುವುದು ಮರೆತೇಹೋಗಿತ್ತು. ಡೆಟ್ರಾಯಿಟ್ ತಲುಪುವವರೆಗೂ ಬೊಗ್ದಾನ್ ಕಣ್ಣು ಮುಚ್ಚಿ ಪೋಲಿಷ್ ಭಾಷೆಯಲ್ಲಿ ದೇವರನ್ನು ಕರೆಯುತ್ತಿದ್ದ. ಚಂದ್ರಮೌಳಿಗೆ ಕರೆಯಲು ಯಾವ ದೇವರ ಹೆಸರೂ ಹೊಳೆಯಲಿಲ್ಲ.

ಮೊದಲ ಎಸೆತ ಒಬ್ಬ ತೀರ್ಪುಗಾರನ ಕಾಲಿನ ಬಳಿ ಬಿತ್ತು. ಆಮೇಲಿನವು ಅದಕ್ಕಿಂತ ಕಡೆ. ಮುಖ್ಯ ಸರ್ಜನ್ ಚಂದ್ರಮೌಳಿಯ ಕಡೆ ತಿರುಗಿಯೂ ನೋಡಲಿಲ್ಲ. ಅವನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದ. ಕೊನೆಯ ಸರದಿಯಲ್ಲಿ ಬೊಗ್ದಾನ್ ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡು ಬಗ್ಗಿದ, ತಿರುಗಿದ. ಆಗ, ಪ್ಲಿಮತ್ತಿನಿಂದ ತಡೆದಿಟ್ಟಿದ್ದ ತೇಗೊಂದು ಕ್ರೀಡಾಂಗಣವೆಲ್ಲ ಕೇಳುವಂತೆ ಹೊರಟಿತು. ಅದರ ಜೊತೆಗೇ ಗುಂಡೂ ಹೊರಟಿತು. ಇಪ್ಪತ್ತೊಂದು ಮೀಟರ್.

ಜನ ಎದ್ದು ನಿಂತರು. ಬೊಗ್ದಾನ್ ಚಂದ್ರಮೌಳಿಯನ್ನು ಎತ್ತಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟು, ಅಳುತ್ತಲೇ ಮೈಕಿನಲ್ಲಿ ಹೇಳಿದ: "ಗೆದ್ದದ್ದು ನಾನಲ್ಲ, ಈ ಡಾಕ್ಟರು. ದೊಡ್ಡ ದೊಡ್ಡವರು ಮೂರು ವರ್ಷದಲ್ಲಿ ಮಾಡದ್ದನ್ನು ಇವರು ಒಂದು ಮಧ್ಯಾಹ್ನದಲ್ಲಿ ಮಾಡಿದರು."

ಆ ಮೂರು ವರ್ಷದಲ್ಲಿ ಅವನ ಬೆನ್ನು ನೋಡಿದ ದೊಡ್ಡವರಲ್ಲಿ ಕೊನೆಯವರಾದ ಮುಖ್ಯ ಸರ್ಜನ್ ಚಂದ್ರಮೌಳಿಯನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿದರು. ಆ ವರ್ಷ ಎಲ್ಲ ಕೂಟಗಳಲ್ಲೂ ಸ್ನಾಯು ಬೆಳೆಸುವ ಮಾತ್ರೆಗಳದೇ ಗುಸುಗುಸು.

"ಏನು ಕೊಟ್ಟೆ ಅವನಿಗೆ?"

"ಊಟ, ಸರ್."

ಸರ್ಜನ್ ನಂಬಲಿಲ್ಲ. ಆಗ ಚಂದ್ರಮೌಳಿಗೆ ಜೀವ ಬಂದಂತೆ ಒಂದು ದಾರಿ ಹೊಳೆಯಿತು. "ಅವನ ಮೂತ್ರ ಪರೀಕ್ಷೆ ಮಾಡಿಸಿ ಸರ್. ಏನೂ ಸಿಗುವುದಿಲ್ಲ. ಆಣೆ ಮಾಡಿ ಹೇಳುತ್ತೇನೆ."

ಸರ್ಜನ್ ಬಾಗಿಲ ಚಿಲಕ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿಬಂದರು.

"ಅದೇ ನನ್ನ ಭಯ," ಎಂದರು ಮೆತ್ತಗೆ. "ಪರೀಕ್ಷೆಗೂ ಸಿಗದ ಔಷಧ ಕಂಡುಹಿಡಿದವನನ್ನು ನಾನು ಆಸ್ಪತ್ರೆಯೊಳಗೆ ಹೇಗಪ್ಪಾ ಇಟ್ಟುಕೊಳ್ಳಲಿ?"