ಪ್ರವಾಹದ ಮೇಲೆ ನನ್ನ ಸೆಮಿನಾರು

ಪ್ರವಾಹದ ಬಗ್ಗೆ ಮಾತಾಡಲು ಇಡೀ ಕ್ಲಾಸಿನಲ್ಲಿ ನನ್ನಷ್ಟು ಯೋಗ್ಯರು ಯಾರೂ ಇಲ್ಲವೆಂದು ನಂಬಿದ್ದೆ. ಟೆಸ್ಟಿನಲ್ಲಿ ಮುಗ್ಗರಿಸಿದ್ದೆ, ನಿಜ. ಈ ಸೆಮಿನಾರಿನಲ್ಲೂ ಅಂಕ ಬಾರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂದು ಮೇಡಂ ಹೇಳಿದ್ದೂ ನಿಜ. ಆದರೆ ಹದಿನೆಂಟು ಸ್ಲೈಡು ಮಾಡಿದ್ದೆ. ಥರ್ಮಾಕೋಲಿನಲ್ಲಿ ಅಣೆಕಟ್ಟನ್ನೇ ಕೊರೆದು, ಚೂರುಗಳನ್ನು ಬಚ್ಚಲಿಗೆ ಗುಡಿಸಿದ್ದೆ.

ಸಿರಿಗೇರಿಯಿಂದ ಓದಲು ಬಂದವಳು ನಾನು. ಬಳ್ಳಾರಿಯ ಪಾರ್ವತಿನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ, ಅದೂ ಅದಕ್ಕೆ ಮನಸ್ಸು ಬಂದಾಗ. ಸೆಮಿನಾರಿನ ದಿನ ಬೆಳಿಗ್ಗೆ ಚಿಕ್ಕಮ್ಮ ಕುರುಗೋಡಿಗೆ ಹೊರಟು ನಿಂತು ಹೇಳಿದಳು:

“ಬಚ್ಚಲದಾಗಿನ ನಳ ತಿರುವಿ ಕೆಳಗ ಬಕೀಟು ಬೋರಲು ಹಾಕೀನಿ. ಸಪ್ಪಳಾದ್ರ ಡ್ರಮ್ ತುಂಬಿಸ್ಕೋ. ಬರಲಿಲ್ಲಂದ್ರ ನೀ ಹೋಗೋ ಮುಂದ ಬಂದ್ ಮಾಡು.”

“ಅಷ್ಟೂ ತಿಳಿಯಂಗಿಲ್ಲೇನು ಚಿಗವ್ವಾ? ಪ್ರವಾಹದ ಮ್ಯಾಲ ಮಾತಾಡಾಕಿ ನಾನು.”

ಬಕೆಟ್ಟು ಸಪ್ಪಳ ಮಾಡಲಿಲ್ಲ. ಕನ್ನಡಿಗೆ ಭಾಷಣ ಒಪ್ಪಿಸುತ್ತ ನಿಂತವಳು, ಹೊತ್ತಾಯಿತೆಂದು ಬೀಗ ಜಡಿದು ಓಡಿದೆ. ನಳ ನೆನಪಾಗಲೇ ಇಲ್ಲ.

ಕ್ಲಾಸಿನಲ್ಲಿ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿ, “ಪ್ರವಾಹದ ಹಾನಿಗೆ ಮನುಷ್ಯನ ಅಜಾಗರೂಕತೆಯೇ ಮೂಲ ಕಾರಣ” ಎಂದು ಗಂಭೀರವಾಗಿ ಘೋಷಿಸಿದೆ. ಆಗಲೇ ವಿಡಿಯೊ ಕಾಲ್ ಬಂತು. ಕತ್ತರಿಸಲು ಹೋಗಿ ಎತ್ತಿಬಿಟ್ಟೆ. ಪರದೆಯ ತುಂಬ ಒಂದು ಹಸಿರು ಬಾಗಿಲು, ಅದರ ಕೆಳಗಿಂದ ನುಗ್ಗುವ ನೀರು, ತೇಲುವ ಚಪ್ಪಲಿಗಳು.

ಮೇಡಂ ಮೆಚ್ಚಿದರು. “ವಿಡಿಯೊ ಭಾಳ ಚಲೋ ಹುಡುಕೀಯಲ್ಲ. ಎಲ್ಲಿದು?”

“ಪಾರ್ವತಿನಗರ, ಮೇಡಂ.”

“ಯಾವಾಗಿಂದು?”

“ಈಗಿಂದು.”

ಪರದೆಯ ಮೇಲೆ ಪಕ್ಕದ ಮನೆಯ ಗೌರಮ್ಮನ ಮುಖ ಮೂಡಿತು. “ಏ ಸುಮಾ, ಕೀಲಿ ಎಲ್ಲಿಟ್ಟು ಹೋಗೀಯೇ? ನಿಮ್ಮ ಮನಿ ನೀರು ನಮ್ಮ ಕಟ್ಟಿ ಏರಾಕತ್ತೈತಿ!”

ಕೀಲಿ ನನ್ನ ಬ್ಯಾಗಿನಲ್ಲಿತ್ತು. ಅಣೆಕಟ್ಟನ್ನು ಮೇಜಿನ ಮೇಲೆಯೇ ಬಿಟ್ಟು ಓಡಿದೆ. “ಮುನ್ನೆಚ್ಚರಿಕೆ ಅನ್ನೋ ಭಾಗ ಉಳೀತಲ್ಲವ್ವಾ,” ಎಂದು ಮೇಡಂ ಹಿಂದಿನಿಂದ ಕೂಗಿದರು.

ಬಾಗಿಲು ತೆಗೆದು, ನೀರು ತುಳಿಯುತ್ತ ಒಳಗೆ ಹೋದೆ. ಬಚ್ಚಲ ತೂಬಿಗೆ ನನ್ನ ಥರ್ಮಾಕೋಲ್ ಚೂರುಗಳು ಗಟ್ಟಿಯಾಗಿ ಮೆತ್ತಿದ್ದವು. ಕಾಲೇಜಿಗೆ ಒಯ್ದದ್ದಕ್ಕಿಂತ ಒಳ್ಳೆಯ ಅಣೆಕಟ್ಟು ಅದು. ಅಪ್ಪ ಊರಿಂದ ಕಳಿಸಿದ್ದ ಎರಡು ಚೀಲ ಅಕ್ಕಿ ನೀರಲ್ಲಿ ಕೂತಿದ್ದವು. ನಳ ಮಾತ್ರ ನಿಂತುಹೋಗಿತ್ತು. ಡ್ರಮ್ಮುಗಳಲ್ಲಿ ಒಂದು ಹನಿ ಇರಲಿಲ್ಲ.

ಮಾಳಿಗೆಯ ಮೇಲೆ ಅಕ್ಕಿ ಹರವಿ ಕಾಗೆ ಓಡಿಸುತ್ತಿದ್ದಾಗ ಮೇಡಂ ಅವರ ಸಂದೇಶ ಬಂತು: “ಸೆಮಿನಾರು ಅಪೂರ್ಣ, ಅಂಕವಿಲ್ಲ. ಸೋಮವಾರ ಮತ್ತೆ ಕೊಡು, ಕೊನೆಯ ಅವಕಾಶ. ವಿಷಯ: ಬರಗಾಲ.”

ಅಷ್ಟರಲ್ಲಿ ಚಿಕ್ಕಮ್ಮ ಬಿಸಿಲಲ್ಲಿ ಬಸ್ಸಿಳಿದು ಬಂದು, ಇನ್ನೂ ಏನೂ ಕಾಣದೆ, ಹೊರಗಿನ ಕಟ್ಟೆಯ ಮೇಲೆ ಉಸ್ಸೆಂದು ಕುಳಿತಳು. ನಾನು ಕೆಳಗಿಳಿದು ಬಂದೆ.

“ನೀರು ಬಂದ್ವೇನು?”

“ಬಂದ್ವು ಚಿಗವ್ವಾ. ಮನಿ ತುಂಬ ಬಂದ್ವು.”

“ಚಲೋ ಆತು. ಮೊದ್ಲು ಒಂದು ತಂಬಿಗಿ ಕುಡಿಯಾಕ ಕೊಡು.”

ನಾನು ತಂಬಿಗೆ ಹಿಡಿದುಕೊಂಡು ಗೌರಮ್ಮನ ಬಾಗಿಲು ಬಡಿಯಲು ಹೋದೆ.